ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಸಿ ತಂಪು ಹೋಗುತ್ತದೆ, ಕಂಪ್ರೆಸರ್ ಕೆಟ್ಟಿದೆಯಾ?

ಐದನೇ_ಗೇರ್:
ಒಂಬತ್ತು ವರ್ಷ ಹಳೇ ಪೆಟ್ರೋಲ್ ಕಾರು, 1.2 ಲೀಟರ್ ಎಂಜಿನ್. ಮಾಮೂಲಿ ಓಡಾಟದಲ್ಲಿ ಎಸಿ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ, ಅಷ್ಟು ತಂಪು. ಆದರೆ ಮುಂದಿನ ಲಾರಿಯನ್ನು ಹಿಂದಿಕ್ಕೋಣ ಅಂತ ಪೆಡಲ್ ತಳಕ್ಕೆ ಒತ್ತಿದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ತಂಪು ಇಳಿಯುತ್ತದೆ, ಫ್ಯಾನ್ ಮಾತ್ರ ಅದೇ ಜೋರಲ್ಲಿ ಬೀಸುತ್ತಿರುತ್ತದೆ, ಜೊತೆಗೆ ಒದ್ದೆ ಬಟ್ಟೆಯಂಥ ವಾಸನೆ ಬೇರೆ. ಕಾಲು ಸಡಿಲ ಮಾಡಿದ ಮೇಲೆ ಬಾನೆಟ್ ಒಳಗಿಂದ ‘ಟಕ್’ ಅಂತ ಸದ್ದು, ಮತ್ತೆ ತಂಪು. ಏರು ದಾರಿಯಲ್ಲಂತೂ ಕೆಲವು ಸಲ ನಿಮಿಷಗಟ್ಟಲೆ ಬರೀ ಗಾಳಿ. ಗ್ಯಾರೇಜಿನಲ್ಲಿ ಬಾನೆಟ್ ಕೂಡ ಎತ್ತದೆ ‘ಕಂಪ್ರೆಸರ್ ಹೋಗಿದೆ, ಹೊಸದು ಹಾಕಿಸಿ’ ಅಂದರು. ಹಾಕಿಸಬೇಕಾ?

ಹಳೇ_ಸ್ಪ್ಯಾನರ್:
ಬೇಡ, ಸ್ವಲ್ಪ ತಡೀರಿ. ಕಂಪ್ರೆಸರ್ ಹೋಗಿದ್ದರೆ ಮಾಮೂಲಿ ಓಡಾಟದಲ್ಲಿ ಅಷ್ಟು ತಂಪು ಎಲ್ಲಿಂದ ಬರಬೇಕು?

ಅದು ಬೆಲ್ಟ್ ಮೂಲಕ ಎಂಜಿನ್ನಿಗೇ ತಗುಲಿಕೊಂಡಿರುತ್ತದೆ. ಜೋರಾಗಿ ಕೆಲಸ ಮಾಡುವಾಗ ಮೂರ್ನಾಲ್ಕು ಅಶ್ವಶಕ್ತಿ ಅದೇ ತಿನ್ನುತ್ತದೆ. ನಿಮ್ಮ ಎಂಜಿನ್ 80 ಕೊಡುತ್ತದಲ್ಲ, ಅದರಲ್ಲಿ ನಾಲ್ಕು ಏನು ಮಹಾ ಅನ್ನಿಸಬಹುದು. ಆದರೆ ಆ 80 ಬರುವುದು 6000 ಆರ್‌ಪಿಎಂ ಹತ್ತಿರ. ನೀವು ಪೆಡಲ್ ಒತ್ತುವಾಗ ಎಂಜಿನ್ 2000ದಲ್ಲಿದ್ದರೆ ಕೈಲಿರುವುದೇ 25-30, ಆಗ ನಾಲ್ಕು ಅಂದರೆ ಜಾಸ್ತಿನೇ. ಅದಕ್ಕೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಏನು ಮಾಡುತ್ತದೆ ಅಂದರೆ, ಪೆಡಲ್ ಹತ್ತಿರಹತ್ತಿರ ಪೂರ್ತಿ ಒತ್ತಿದ್ದು ಕಂಡ ತಕ್ಷಣ ಎಸಿ ರಿಲೇ, ಅಂದರೆ ಕಂಪ್ರೆಸರಿಗೆ ಕರೆಂಟ್ ಕೊಡುವ ಸ್ವಿಚ್, ಬಿಟ್ಟುಬಿಡುತ್ತದೆ. ಕಂಪ್ರೆಸರಿನದೇ ಕ್ಲಚ್ಚಿನ (ಗೇರ್ ಕ್ಲಚ್ ಅಲ್ಲ) ಅಯಸ್ಕಾಂತದ ಕಾಯಿಲ್‌ಗೆ 12 ವೋಲ್ಟ್ ನಿಂತಿತು, ಮುಂದಿನ ತಟ್ಟೆ ಪುಲ್ಲಿಯಿಂದ ಬಿಡಿಸಿಕೊಂಡಿತು, ಪುಲ್ಲಿ ಸುಮ್ನೆ ತಿರುಗುತ್ತಿರುತ್ತದೆ, ಕಂಪ್ರೆಸರ್ ನಿಂತಿರುತ್ತದೆ. ನಿಮಗೆ ಕೇಳಿದ ‘ಟಕ್’ ಆ ತಟ್ಟೆ ವಾಪಸ್ ಅಂಟಿಕೊಂಡ ಸದ್ದು.

ತಂಪು ಆ ಕ್ಷಣಕ್ಕೇ ಹೋಗದೆ ಮೂರ್ನಾಲ್ಕು ಸೆಕೆಂಡ್ ಬಿಟ್ಟು ಹೋಗುತ್ತದೆ ಅಂದಿರಲ್ಲ, ಡ್ಯಾಶ್‌ಬೋರ್ಡ್ ಒಳಗಿನ ಇವ್ಯಾಪರೇಟರ್ (ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಇನ್ನೂ ತಣ್ಣಗಿರುತ್ತದೆ, ಅದಕ್ಕೆ. ಅದರ ಮೇಲೆ ಕೂತ ನೀರು ಆರಲು ಶುರುವಾದಾಗ ಒದ್ದೆ ವಾಸನೆ. ಎಲ್ಲ ಸರಿಯಾಗಿ ಹೊಂದುತ್ತಿದೆ.

ಕಾರ್ಬುರೇಟರ್_ಕಾಲದವ:
ಮೇಲಿನವರು ಹೇಳಿದ್ದು ಸರಿ, ನನ್ನದೊಂದು ಹಳೇ ಕಥೆ ಸೇರಿಸುತ್ತೇನೆ. ಹಿಂದೆ ನನ್ನ ಹತ್ತಿರ ಒಂದು ಕಾರಿತ್ತು. ಅದರಲ್ಲಿ ಪೆಡಲ್ ಒತ್ತಿದರೆ ಗಾಳಿ ತಣ್ಣಗೇ ಇರುತ್ತಿತ್ತು, ಆದರೆ ಮುಖಕ್ಕೆ ಬರುತ್ತಿದ್ದದ್ದು ಎದ್ದು ಗಾಜಿನ ಕಡೆ ಹೋಗುತ್ತಿತ್ತು! ಕಾಲು ತೆಗೆದರೆ ವಾಪಸ್ ಮುಖಕ್ಕೆ. ದೆವ್ವ ಹಿಡಿದಿದೆ ಅಂತ ಮನೆಯವರ ತಮಾಷೆ. ಆಗಿನ ಕೆಲವು ಕಾರುಗಳಲ್ಲಿ ಗಾಳಿಯ ದಿಕ್ಕು ತಿರುಗಿಸುವ ಬಾಗಿಲುಗಳನ್ನು ಎಳೆಯುತ್ತಿದ್ದದ್ದು ಎಂಜಿನ್ ಮ್ಯಾನಿಫೋಲ್ಡಿನ (ಗಾಳಿ ಒಳಗೆ ಹೋಗುವ ಕೊಳವೆಯ) ವ್ಯಾಕ್ಯೂಮ್. ಪೆಡಲ್ ಒತ್ತಿ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಪೂರ್ತಿ ತೆರೆದರೆ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಎಳೆಯುವವರಿಲ್ಲದೆ ಬಾಗಿಲು ಸ್ಪ್ರಿಂಗ್ ಬಲಕ್ಕೆ ಗಾಜಿನ ಕಡೆಗೆ ಬಂದು ಕೂರುತ್ತದೆ. ಹಾಗಾಗದಿರಲಿ ಅಂತ ವ್ಯಾಕ್ಯೂಮ್ ಹಿಡಿದಿಡಲು ಒಂದು ಚಿಕ್ಕ ಡಬ್ಬಿ, ಒಂದು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಇರುತ್ತಿತ್ತು. ನನ್ನದರಲ್ಲಿ ಬೆರಳುದ್ದದ ರಬ್ಬರ್ ಪೈಪ್ ಸೀಳಿತ್ತು, ಅಷ್ಟೇ. ಐದನೇ_ಗೇರ್, ನಿಮ್ಮ ಕಾರಿಗೆ ಮೋಟರ್ ಬಾಗಿಲುಗಳೇ ಇರಬೇಕು, ಇದು ನಿಮ್ಮ ಸಮಸ್ಯೆ ಅಲ್ಲ, ಆದರೆ ಹಳೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬಂದೀತು.

ಮಲ್ಟಿಮೀಟರ್:
ಎಲ್ಲರೂ ‘ಮಾಮೂಲಿ’ ಅಂದುಬಿಟ್ಟಿರಿ, ಅವರು ಬರೆದ ಇನ್ನೊಂದು ಸಾಲು ಯಾರೂ ಓದಲಿಲ್ಲವಾ? ಏರಿನಲ್ಲಿ ನಿಮಿಷಗಟ್ಟಲೆ. ಹಿಂದಿಕ್ಕುವಾಗ ಕಟ್ ಆದರೆ ಕೆಲವೇ ಸೆಕೆಂಡಿನಲ್ಲಿ ವಾಪಸ್ ಬರಬೇಕು. ಅರ್ಧ ಪೆಡಲ್‌ನಲ್ಲಿ ಏರು ಹತ್ತುವಾಗಲೂ ಹೋಗುತ್ತಿದ್ದರೆ ಬೇರೆ ಏನೋ ಇದೆ. ಥ್ರಾಟಲ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಎಂಜಿನ್ ಬಿಸಿ ಏರಿ ಇಸಿಯು ಬೇಕಂತಲೇ ಎಸಿ ನಿಲ್ಲಿಸುತ್ತಿರಬಹುದು. ಇಲ್ಲ ಕ್ಲಚ್ ತಟ್ಟೆ ಸವೆದು ಪುಲ್ಲಿಗೂ ಅದಕ್ಕೂ ನಡುವಿನ ಅಂತರ ಜಾಸ್ತಿಯಾಗಿರಬಹುದು. ಈ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಅದು ದೊಡ್ಡದಾದರೆ ಕಾಯಿಲ್ ಬಿಸಿಯಾದಾಗ ತಟ್ಟೆಯನ್ನು ಎಳೆದುಕೊಳ್ಳುವ ಶಕ್ತಿ ಸಾಲುವುದಿಲ್ಲ.

ಒಂದು ಒಬಿಡಿ ಸ್ಕ್ಯಾನರ್ (ಇಸಿಯು ಲೆಕ್ಕಗಳನ್ನು ಮೊಬೈಲಿನಲ್ಲಿ ತೋರಿಸುವ ಸಾಧನ) ಸಿಕ್ಕಿಸಿ. ಥ್ರಾಟಲ್ ಶೇಕಡಾ, ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಿಸಿ, ಎಸಿ ರಿಲೇ, ಮೂರೂ ಒಂದೇ ಪರದೆಯಲ್ಲಿ ಇರಲಿ. ಮೊಬೈಲ್ ಪಕ್ಕದವರ ಕೈಗೆ ಕೊಡಿ, ನೀವು ಓಡಿಸುತ್ತಾ ನೋಡಬೇಡಿ ದಯವಿಟ್ಟು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಎಂಜಿನ್ ಮೇಲೆ ಭಾರ ಇರಲ್ವಲ್ಲ.

ಐದನೇ_ಗೇರ್:
ನೋಡಿದೆವು, ತಮ್ಮ ಪಕ್ಕದಲ್ಲಿ ಕೂತಿದ್ದ. ನೇರ ರಸ್ತೆಯಲ್ಲಿ ಪೂರ್ತಿ ಒತ್ತಿದರೆ ರಿಲೇ ಆಫ್, ಎಣಿಸಿ ಆರು ಸೆಕೆಂಡಿಗೆ ಆನ್. ಮೂರು ಸಲವೂ ಅಷ್ಟೇ. ಏರಿನಲ್ಲಿ ಕಥೆ ಬೇರೆ. ಥ್ರಾಟಲ್ ನಲವತ್ತರ ಆಸುಪಾಸು ಇದ್ದಾಗಲೇ ರಿಲೇ ಆಫ್, ಕೂಲಂಟ್ 112 ಡಿಗ್ರಿ! 103ಕ್ಕೆ ಇಳಿದ ಮೇಲೇ ಆನ್. ಡ್ಯಾಶ್‌ಬೋರ್ಡ್ ಮುಳ್ಳು ಮಾತ್ರ ನಡುವಿನಿಂದ ಅಲ್ಲಾಡಿರಲಿಲ್ಲ.

ಮಲ್ಟಿಮೀಟರ್:
ಆ ಮುಳ್ಳನ್ನು ನಂಬಬೇಡಿ, ಎಷ್ಟೋ ಕಾರುಗಳಲ್ಲಿ ಬಿಸಿ ತುಂಬಾ ಏರುವ ತನಕ ಅದು ನಡುವಿನಲ್ಲೇ ನಿಲ್ಲೋ ಹಾಗೆ ಮಾಡಿರುತ್ತಾರೆ. ಎಂಜಿನ್ ಪೂರ್ತಿ ಆರಿದ ಮೇಲೆ ಕೂಲಂಟ್ ಮಟ್ಟ ನೋಡಿ, ಎಸಿ ಹಾಕಿದಾಗ ಮುಂದಿನ ಫ್ಯಾನ್ ತಿರುಗುತ್ತಾ ನೋಡಿ. ಎರಡೂ ಸರಿ ಇದ್ದರೆ ಎಸಿ ಕಂಡೆನ್ಸರಿಗೂ (ಎಸಿಯ ಬಿಸಿ ಹೊರಗೆ ಬಿಡುವ, ಮುಂದಿರುವ ಜಾಲರಿ) ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ. ಮುಂದಿನಿಂದ ಸ್ವಚ್ಛವಾಗಿ ಕಂಡರೆ ಒಳಗೂ ಸ್ವಚ್ಛ ಅಂತಲ್ಲ.

ಬ್ಯಾಟರಿ_ಬಂಡಿ:
ಎಲೆಕ್ಟ್ರಿಕ್ ಕಾರಿನವರು ಓದುತ್ತಿದ್ದರೆ: ನಮ್ಮಲ್ಲಿ ಬೆಲ್ಟೂ ಇಲ್ಲ, ‘ಟಕ್’ ಸದ್ದೂ ಇಲ್ಲ, ಕಂಪ್ರೆಸರಿಗೆ ಅದರದೇ ಮೋಟರ್. ಎಷ್ಟು ಒತ್ತಿದರೂ ತಂಪು ಇಳಿದದ್ದು ನನಗಂತೂ ಗೊತ್ತಾಗಿಲ್ಲ.

ಐದನೇ_ಗೇರ್:
ಕೂಲಂಟ್ ಸರಿ ಇತ್ತು, ಫ್ಯಾನ್ ಸರಿ ಇತ್ತು. ಸಂದಿಯಲ್ಲಿ ಮಾತ್ರ ಹತ್ತಿ, ಧೂಳು, ಹುಳದ ರೆಕ್ಕೆ ಎಲ್ಲ ಸೇರಿ ಕಂಬಳಿ ಥರ ಕೂತಿತ್ತು. ಬೇರೆ ಗ್ಯಾರೇಜಿನಲ್ಲಿ ರೇಡಿಯೇಟರ್ ಸರಿಸಿ, ಫಿನ್ ಬಗ್ಗದ ಹಾಗೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದರು. ಅದೇ ಏರಿನಲ್ಲಿ ಈಗ 98 ದಾಟಲಿಲ್ಲ, ತುದಿ ತನಕ ತಂಪು. ಪೂರ್ತಿ ಒತ್ತಿದರೆ ಆರು ಸೆಕೆಂಡ್ ಈಗಲೂ ಹೋಗುತ್ತದೆ. ತಮ್ಮ ಪಕ್ಕದಲ್ಲಿ ಕೂತು ಜೋರಾಗಿ ಎಣಿಸುತ್ತಾನೆ.