ಓದುಗರ ಸ್ಪಂದನ: ನಲ್ಲಿ ಇದೆ, ನೀರಿಲ್ಲ, ನಿರ್ಣಯಕ್ಕೆ ಒಪ್ಪಲೇ?

ಕಳೆದ ಸಂಚಿಕೆಯ ಸಮಸ್ಯೆ: ‘ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ದೇಶ ಮುಂದೆ ಬಂದಿದೆ, ಹಳ್ಳಿಗಳ ಶೇ 99ರಷ್ಟು ಮನೆಗಳಿಗೆ ಸುಧಾರಿತ ನೀರಿದೆ ಎಂದು ಓದಿದೆ. ನಮ್ಮೂರಲ್ಲಿ ಮನೆಮನೆಗೂ ನಲ್ಲಿ ಹಾಕಿದ್ದಾರೆ, ಆದರೆ ಕೊನೆ ಕೇರಿಗೆ ನೀರು ಹತ್ತುವುದಿಲ್ಲ. ಬರುವ ಗ್ರಾಮಸಭೆಯಲ್ಲಿ ‘ಹರ್ ಘರ್ ಜಲ್’ (ಮನೆಮನೆಗೂ ನೀರು) ನಿರ್ಣಯ ಪಾಸು ಮಾಡಬೇಕಂತೆ. ನಾನು ಸದಸ್ಯೆ. ಏನು ಮಾಡಲಿ?’

*

ನೀವು ಓದಿದ ಅಂಕಿ ನೀತಿ ಆಯೋಗದ 2023-24ರ ಸೂಚ್ಯಂಕದ್ದು. ಅಲ್ಲಿ ಲೆಕ್ಕಕ್ಕೆ ಹಿಡಿಯುವುದು ‘ಸುಧಾರಿತ ಮೂಲ’ವನ್ನು. ಕೈಪಂಪು, ಕೊಳವೆಬಾವಿ, ಕಟ್ಟೆ ಕಟ್ಟಿ ಮುಚ್ಚಿದ ಬಾವಿ, ಎಲ್ಲವೂ ಅದರಲ್ಲಿ ಸೇರುತ್ತವೆ. ವಿಶ್ವಸಂಸ್ಥೆಯ 6.1ನೇ ಗುರಿ ಇದಕ್ಕಿಂತ ಬಿಗಿ: ನೀರು ಮನೆಯ ಆವರಣದಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಮಲಿನವಾಗಿರಬಾರದು. ದೇಶದ ಒಟ್ಟು ಅಂಕ 2018ರಲ್ಲಿ 57 ಇದ್ದದ್ದು 2023-24ರಲ್ಲಿ 71 ಆಯಿತು, ನಿಜ. ಅದರಿಂದ ನಿಮ್ಮ ಕೊನೆ ಕೇರಿಯ ಕೊಡ ತುಂಬುವುದಿಲ್ಲ.

ಹಳ್ಳಿ ಮನೆಗಳಿಗೆ ನಲ್ಲಿ ನೀರು ಕೊಡುವ ಯೋಜನೆಯಾದ ಜಲಜೀವನ್ ಮಿಷನ್ ಹಳ್ಳಿಗಳನ್ನು ಎರಡು ಬಗೆಯಾಗಿ ತೋರಿಸುತ್ತದೆ. ಕೆಲಸ ಮುಗಿಯಿತೆಂದು ಇಲಾಖೆ ಹೇಳಿದರೆ ‘ವರದಿಯಾದ’ ಹಳ್ಳಿ. ಪ್ರತಿ ಮನೆ, ಶಾಲೆ, ಅಂಗನವಾಡಿಗೆ ನೀರು ಬರುತ್ತಿದೆಯೆಂದು ಗ್ರಾಮಸಭೆ ನಿರ್ಣಯಿಸಿದರೆ ಮಾತ್ರ ‘ದೃಢೀಕೃತ’. ಎರಡನೆಯದು ನಿಮ್ಮ ಕೈಯಲ್ಲೇ ಇದೆ. ಅಳೆಯದೆ ಒಪ್ಪಬೇಡಿ.
– ಅಂಕಿಅಂಶ ವಿಭಾಗದ ನಿವೃತ್ತರು, ಬೆಂಗಳೂರು

*

ಮೇಡಂ, ಅಳೆಯಲು 20 ಲೀಟರಿನ ಕ್ಯಾನು ಮತ್ತು ಮೊಬೈಲು ಸಾಕು. ಮಿಷನ್ನಿನ ಲೆಕ್ಕದ ಪ್ರಕಾರ ತಲೆಗೆ ದಿನಕ್ಕೆ 55 ಲೀಟರಿನಂತೆ ಐದು ಜನರ ಮನೆಗೆ 275 ಲೀಟರ್ ಬೇಕು. ದಿನಾ ಒಂದು ಗಂಟೆ ನೀರು ಬಿಡುವ ಊರಾದರೆ ಕ್ಯಾನು 4 ನಿಮಿಷ 20 ಸೆಕೆಂಡಿನೊಳಗೆ ತುಂಬಬೇಕು. ದಿನ ಬಿಟ್ಟು ದಿನ ಬಿಡುವುದಾದರೆ ಅದರ ಅರ್ಧ ಹೊತ್ತಿನಲ್ಲಿ. ಎಲ್ಲರ ನಲ್ಲಿಯೂ ತೆರೆದಿರುವಾಗಲೇ ಅಳೆಯಿರಿ: ಟ್ಯಾಂಕಿನ ಹತ್ತಿರ ಎರಡು ಮನೆ, ನಡುವೆ ಎರಡು, ಕೊನೆಯಲ್ಲಿ ನಾಲ್ಕು.

ಎಲ್ಲ ಕಡೆಯೂ ನಿಧಾನವಾದರೆ ಬೋರ್‌ವೆಲ್ ಅಥವಾ ಟ್ಯಾಂಕಿನ ಸಮಸ್ಯೆ. 50,000 ಲೀಟರಿನ ಟ್ಯಾಂಕು ಒಂದು ಸಲ ತುಂಬಿದರೆ ಸುಮಾರು 900 ಜನಕ್ಕೆ ಸಾಕು. ದಿನಕ್ಕೆ ಎಷ್ಟು ಸಲ ತುಂಬುತ್ತದೆಂದು ನೀರುಗಂಟಿಗೆ ಗೊತ್ತಿರುತ್ತದೆ. ಮೊದಲ ಮನೆಗಳಲ್ಲಿ ಧೋ ಎಂದು ಬಂದು ಕೊನೆಯಲ್ಲಿ ತೊಟ್ಟಿಕ್ಕಿದರೆ ಹಂಚಿಕೆಯ ಸಮಸ್ಯೆ. ಹೆಚ್ಚಿನ ಊರುಗಳಲ್ಲಿ ಇರುವುದು ಇದೇ.

ಮೊದಲ ಅನುಮಾನ ನಲ್ಲಿಗೆ ನೇರವಾಗಿ ಹಾಕಿಕೊಂಡ ಮನೆಮನೆಯ ಮೋಟಾರಿನ ಮೇಲಿರಲಿ. ಊರಿನ ಟ್ಯಾಂಕು ತುಂಬಿಸಿಟ್ಟುಕೊಂಡು, ಲೈನ್‌ಮನ್‌ಗೆ ಹೇಳಿ, ನೀರು ಬಿಡುವ ಹೊತ್ತಿಗೆ ಊರಿನ ಕರೆಂಟು ತೆಗೆಸಿ ಮತ್ತೆ ಅಳೆಯಿರಿ. ಟ್ಯಾಂಕಿನಿಂದ ನೀರು ತಾನಾಗಿ ಇಳಿಯುವುದರಿಂದ ಕರೆಂಟು ಬೇಡ. ಆಗ ಕೊನೆ ಕೇರಿಯಲ್ಲಿ ಕ್ಯಾನು ತುಂಬಿದರೆ ಕಳ್ಳ ಸಿಕ್ಕಿದ ಹಾಗೆ. ಮೋಟಾರು ಎಳೆದಾಗ ಪೈಪಿನೊಳಗೆ ಒತ್ತಡ ಕುಸಿದು, ಸಡಿಲ ಜಾಯಿಂಟುಗಳಿಂದ ಚರಂಡಿ ನೀರು ಒಳಗೆ ನುಗ್ಗುತ್ತದೆ. ವಾಂತಿಭೇದಿಗೆ ಇದೂ ಒಂದು ದಾರಿ.

ಕರೆಂಟು ತೆಗೆದರೂ ಬಾರದಿದ್ದರೆ ಕೇರಿವಾರು ಗೇಟ್ ವಾಲ್ವ್ ಹಾಕಿಸಿ, ಎತ್ತರದ ಭಾಗಕ್ಕೂ ತಗ್ಗಿನ ಭಾಗಕ್ಕೂ ಬೇರೆ ಬೇರೆ ಹೊತ್ತು ಗೊತ್ತುಮಾಡಿ. ಟ್ಯಾಂಕಿನ ಹತ್ತಿರದ ಸಂಪರ್ಕಗಳಿಗೆ ಹರಿವಿಗೆ ಮಿತಿ ಹಾಕುವ ಫ್ಲೋ ಕಂಟ್ರೋಲ್ ವಾಲ್ವ್ ಕೂರಿಸಬೇಕು. ತಿರುಪು ಕಿತ್ತುಹೋಗಿ ಮೋರಿಗೆ ಹರಿಯುವ ನಲ್ಲಿಗಳನ್ನೂ ಎಣಿಸಿ. ಅಂಥ ನಾಲ್ಕಿದ್ದರೂ ಒತ್ತಡ ಬೀಳುತ್ತದೆ.
– ಗ್ರಾಮೀಣ ನೀರು ಸರಬರಾಜಿನ ಎಂಜಿನಿಯರ್, ತುಮಕೂರು

*

ನೀರು ಬಂದರಷ್ಟೇ ಸಾಲದು ತಾಯೀ. ಊರಿನ ಐದು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆಂದು ಯೋಜನೆಯಲ್ಲೇ ಇದೆ. ಕಿಟ್ಟು ಪಂಚಾಯಿತಿ ಬೀರುವಿನಲ್ಲಿದ್ದರೆ ಹೊರತೆಗೆಸಿ. ಕೊನೆ ಮನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ (ಟ್ಯಾಂಕಿಗೆ ಹಾಕಿದ್ದರಲ್ಲಿ ಖರ್ಚಾಗದೆ ಉಳಿದದ್ದು) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಲೆಕ್ಕದಲ್ಲಿ 50,000 ಲೀಟರಿಗೆ ಶೇ 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 400 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಊರಿಗೆ ಬಿಡಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ‘ಹಾಕಿದ್ದೇವೆ’ ಎನ್ನುವ ಊರಿನಲ್ಲೂ ಕ್ಲೋರಿನ್ ಸಿಗದಿರುವುದಕ್ಕೆ ಇದೂ ಕಾರಣ.

ಲೀಟರಿಗೆ ಫ್ಲೋರೈಡ್ 1.5, ನೈಟ್ರೇಟ್ 45 ಮಿಲಿಗ್ರಾಂ ದಾಟಿದ್ದರೆ ಕುದಿಸಿ ಕುಡಿಯಿರಿ ಎನ್ನಬೇಡಿ. ಕುದಿಸಿದಷ್ಟೂ ಅವು ಸಾಂದ್ರವಾಗುತ್ತವೆ.
– ಪ್ರಯೋಗಾಲಯ ತಂತ್ರಜ್ಞೆ, ಕೋಲಾರ

*

ವಿರೋಧ ಎಂದು ಕೂಗಾಡಬೇಡಿ, ನಡಾವಳಿಯಲ್ಲಿ ಬರೆಸಿ. ‘ಲಗತ್ತಿಸಿದ ಪಟ್ಟಿಯ ಮನೆಗಳಿಗೆ ತಲಾ 55 ಲೀಟರ್ ತಲುಪುತ್ತಿಲ್ಲ. ಸರಿಪಡಿಸಿ ಮರು ಅಳತೆ ಆದ ಮೇಲೆ ದೃಢೀಕರಣದ ವಿಷಯ ಮತ್ತೆ ಗ್ರಾಮಸಭೆಗೆ ಬರಲಿ’ ಎಂಬ ಎರಡು ಸಾಲು ಸಾಕು. ಪಟ್ಟಿಯಲ್ಲಿ ಮನೆ ಯಜಮಾನರ ಹೆಸರು, ಅಳೆದ ದಿನ, ಹೊತ್ತು, ಕ್ಯಾನು ತುಂಬಲು ಹಿಡಿದ ನಿಮಿಷ ಇರಲಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿಯ ನಕಲು ಅವತ್ತೇ ತೆಗೆದುಕೊಳ್ಳಿ, ನಾಳೆ ಎಂದರೆ ಒಕ್ಕಣೆ ಬದಲಾಗುವುದುಂಟು. ವಾಲ್ವಿಗೆ ದುಡ್ಡಿಲ್ಲ ಎಂದರೆ ಹಣಕಾಸು ಆಯೋಗದ ಅನುದಾನದ ಪುಟ ತೆರೆಸಿ: 2021–26ರ ಅವಧಿಯಲ್ಲಿ ಅದರ ಶೇ 60 ನಿರ್ಬಂಧಿತ (ಗೊತ್ತುಪಡಿಸಿದ ಕೆಲಸಕ್ಕಷ್ಟೇ ಬಳಸಬೇಕಾದದ್ದು), ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಗಳಿಗೇ ಮೀಸಲು.
– ನಿವೃತ್ತ ಪಿಡಿಒ, ಹಾವೇರಿ