ಅಪ್‌ಡೇಟ್: ದೊಡ್ಡಿಗೆ ಬರ್ತಿದ್ದ ಚಿರತೆ ವಿಷಯ

ರಾತ್ರಿ ಹೊತ್ತು ಚಿರತೆ ದೊಡ್ಡಿಗೆ ನುಗ್ಗಿ ಮೇಕೆ ಹೊತ್ಕೊಂಡು ಹೋಗ್ತಿದೆ, ಕೊಲ್ಲದೆ ಹೆಂಗೆ ತಡೆಯೋದು ಅಂತ ಕೇಳಿದ್ನಲ್ಲ, ಸದ್ಯಕ್ಕೆ ನಿಂತಿದೆ.

ಕೆಲಸ ಮಾಡಿದ್ದು "ಮೇಲ್ಗಡೆನೂ ಮುಚ್ಚಿ" ಅಂದವರ ಸಲಹೆ. ಬೇಲಿ ಎಷ್ಟೇ ಎತ್ತರ ಇದ್ರೂ ಅದು ಹತ್ತಿಬಿಡುತ್ತೆ, ಹಾಗಾಗಿ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ) ದೊಡ್ಡಿ ಮೇಲೂ ಹಾಸಿ ತಂತಿಯಲ್ಲಿ ಬಿಗಿದು ಬಾಗಿಲ ಕೆಳಗಿನ ಸಂದಿಗೆ ಕಲ್ಲು ಕೂರಿಸಿದ್ವಿ. ಆಮೇಲೂ ಬಂದಿತ್ತು ಮಹರಾಯ, ಬೆಳಿಗ್ಗೆ ನೋಡಿದ್ರೆ ಮೆಶ್ ಒಂದು ಕಡೆ ಜಗ್ಗಿದೆ, ತಂತಿಗೆಲ್ಲ ಕೆಸರು, ಮೇಕೆಗಳು ನಟ್ಟನಡುವೆ ಒತ್ತೊತ್ತಾಗಿ ನಿಂತಿದಾವೆ, ಒಂದಕ್ಕೂ ಗೀರಿಲ್ಲ.

ರಾತ್ರಿಯಿಡೀ ಉರಿಯೋ ಬಲ್ಬಿಗೆ ಅದು ಕ್ಯಾರೇ ಅನ್ಲಿಲ್ಲ. ಒಂದೇ ಲಯ ಇಲ್ಲದೆ ಬಣ್ಣ ಬದಲಾಯಿಸ್ತಾ ಮಿನುಗೋ ಲೈಟ್ ಪರವಾಗಿಲ್ಲ, ಆದ್ರೆ ಜಾಗ ಬದಲಾಯಿಸ್ತಾ ಇರ್ಬೇಕು, ಇಲ್ಲಾಂದ್ರೆ ಅದಕ್ಕೂ ಒಗ್ಗಿಕೊಳ್ಳುತ್ತೆ. ನಾಯಿ ಕಟ್ಟಿ ಅಂದೋರಿಗೆ ಒಂದು ಮಾತು, ಚಿರತೆಗೆ ನಾಯಿನೂ ಬೇಟೆನೇ, ಕಟ್ಟಿಹಾಕಿದ್ರಂತೂ ತಟ್ಟೆಗೆ ಬಡಿಸಿಟ್ಟ ಹಾಗೆ. ಹಿಡಿಸಿ ದೂರ ಬಿಡಿಸೋ ಐಡಿಯಾ ಕೈಬಿಟ್ವಿ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತೆ.

ಓದ್ತಾ ಸಿಕ್ಕಿದ ಮಜಾ ವಿಷಯ: ಆಫ್ರಿಕಾದ ಬೋಟ್ಸ್ವಾನಾದಲ್ಲಿ ದನಗಳ ಹಿಂಭಾಗಕ್ಕೆ ದೊಡ್ಡ ಕಣ್ಣು ಬರೆದು ನೋಡಿದಾರೆ, 2020ರಲ್ಲಿ ಪ್ರಕಟವಾಗಿದೆ. ಕಣ್ಣು ಬರೆದ 683 ದನಗಳಲ್ಲಿ ಒಂದೂ ಬೇಟೆಗೆ ಬಲಿಯಾಗಿಲ್ಲ, ಏನೂ ಬರೆಯದ 835ರಲ್ಲಿ 15 ಹೋಗಿವೆ. ಹೊಂಚು ಹಾಕೋ ಪ್ರಾಣಿಗೆ ತನ್ನನ್ನ ನೋಡಿಬಿಟ್ರು ಅನ್ನಿಸಿದ್ರೆ ಆಟ ಕೈಬಿಡುತ್ತಂತೆ. ಆದ್ರೆ ಅದು ಹಗಲು ಮೇಯೋಕೆ ಬಿಟ್ಟ ದನಗಳಿಗೆ. ನನ್ನ ಮೇಕೆಗಳ ಹಿಂದೆ ಅಷ್ಟು ಜಾಗನೇ ಇಲ್ಲ, ಅದಕ್ಕೆ ಹಗಲಲ್ಲಿ ಪೊದೆ ಕಡೆ ಬಿಡದೆ ಜೊತೆಗೇ ಯಾರಾದ್ರೂ ಹೋಗ್ತಿದೀವಿ.