ಐಕಾನ್ ಎ5: ಸ್ಪಿನ್ ತಡೆಯುವ ರೆಕ್ಕೆ ಇದ್ದೂ ಅಪಘಾತ ಯಾಕೆ?

ಬೆಳ್ಳಕ್ಕಿ172:
ಸೆಸ್ನಾ 172ರಲ್ಲಿ 180 ಗಂಟೆ ಆಗಿದೆ, ಸೀ ರೇಟಿಂಗ್ (ನೀರಿನ ವಿಮಾನ ಹಾರಿಸುವ ಅನುಮತಿ) ಇನ್ನೂ ಇಲ್ಲ. ಫ್ಲಾರಿಡಾದಲ್ಲಿ ನೀರು, ನೆಲ ಎರಡಕ್ಕೂ ಇಳಿಯುವ ಪುಟ್ಟ ವಿಮಾನ ಐಕಾನ್ ಎ5 ಒಂದರಲ್ಲಿ ಪಾಲು ತೆಗೆದುಕೊಳ್ಳುವ ಯೋಚನೆ ಇದೆ. ರೆಕ್ಕೆ ಸ್ಪಿನ್‌ಗೆ (ಗಿರಗಿರ ಸುತ್ತುತ್ತಾ ಕೆಳಗೆ ಬೀಳುವುದು) ಸುಲಭವಾಗಿ ಬೀಳುವುದಿಲ್ಲ, ಪ್ಯಾನೆಲ್ ಮೇಲೆ ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆಯ ಕೋನ) ತೋರಿಸುವ ಗೇಜ್ ಇದೆ, ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇದೆ. ಆದರೂ 2017ರಲ್ಲಿ ಆರೇ ತಿಂಗಳಲ್ಲಿ ಎರಡು ಮಾರಕ ಅಪಘಾತ. ತಪ್ಪು ವಿಮಾನದ್ದೋ, ಹಾರಿಸುವ ರೀತಿಯದ್ದೋ? 172ರಿಂದ ಬಂದವರಿಗೆ ಕೈ ತಪ್ಪುವುದು ಎಲ್ಲಿ?

ಪುಶರ್‌ಪ್ರಿಯ:
ರೆಕ್ಕೆಯ ಬಗ್ಗೆ ಹೇಳುವುದು ಬರೀ ಪ್ರಚಾರ ಅಲ್ಲ. ರೆಕ್ಕೆಯ ಹೊರಭಾಗದ ಮುಂಅಂಚಿಗೆ ಕಫ್ (ಮುಂದಕ್ಕೆ ಚಾಚಿದ ಬಾಗು) ಕೊಟ್ಟಿದ್ದಾರೆ. ಒಳಭಾಗ ಮೊದಲು ಸ್ಟಾಲ್ ಆಗುತ್ತದೆ (ಎತ್ತುವ ಬಲ ಕಳೆದುಕೊಳ್ಳುತ್ತದೆ), ತುದಿ ಇನ್ನೂ ಹಾರುತ್ತಿರುತ್ತದೆ, ಹಾಗಾಗಿ ವಿಮಾನವನ್ನು ವಾಲಿಸುವ ಏಲರಾನ್ ಮಾತು ಕೇಳುತ್ತದೆ. ಈ ಸುರಕ್ಷತೆಗೆ ಬೇಕಾದ ಹೆಚ್ಚುವರಿ ತೂಕಕ್ಕೆಂದೇ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2013ರಲ್ಲಿ ವಿನಾಯಿತಿ ಕೊಟ್ಟಿತು. ಲೈಟ್ ಸ್ಪೋರ್ಟ್ ಸೀಪ್ಲೇನ್‌ಗಳಿಗೆ ಆಗ ಇದ್ದ ಮಿತಿ 1,430 ಪೌಂಡ್, ಎ5ರ ಗರಿಷ್ಠ ತೂಕ 1,510. ಸ್ಟಿಕ್ ಪೂರ್ತಿ ಹಿಂದಕ್ಕೆ ಎಳೆದು ಹಿಡಿದರೂ ಅದು ಮೂಗು ತೂಗಿಸುತ್ತಾ ಇಳಿಯುತ್ತದೆ, ಒಂದು ಪಕ್ಕಕ್ಕೆ ಮಗುಚುವುದಿಲ್ಲ. ಹೊಸಬರಿಗೆ ಇದಕ್ಕಿಂತ ಸೌಮ್ಯವಾದ ಆಂಫಿಬಿಯನ್ (ನೀರು, ನೆಲ ಎರಡರದ್ದೂ ವಿಮಾನ) ನನಗೆ ಗೊತ್ತಿಲ್ಲ.

ಕಣಿವೆಗಾಳಿ:
ಸೌಮ್ಯ ಅನ್ನುವುದು ಒಪ್ಪುತ್ತೇನೆ, ಆದರೆ ಅವರ ಪ್ರಶ್ನೆಗೆ ಅದು ಉತ್ತರವಲ್ಲ. ಇಳಿಯುವುದು ಅಂದಿರಲ್ಲ, ಆ ಇಳಿತಕ್ಕೂ ಕೆಳಗೆ ಜಾಗ ಬೇಕು. 50 ಅಡಿಯಲ್ಲಿ ಸ್ಪಿನ್ ಆಗದೆ ಬರೀ ಸ್ಟಾಲ್ ಆದರೂ ನೀರಿಗೆ ಬಡಿಯುತ್ತೀರಿ. ಪ್ಯಾರಾಚೂಟ್ ಬಿಚ್ಚಿಕೊಳ್ಳಲೂ ಅಲ್ಲಿ ಎತ್ತರವಿಲ್ಲ.

ಮೇ 2017ರಲ್ಲಿ ಕ್ಯಾಲಿಫೋರ್ನಿಯಾದ ಬೆರಿಯೆಸಾ ಸರೋವರದ ಬಳಿ ಆದದ್ದು ಸ್ಟಾಲ್-ಸ್ಪಿನ್ ಅಲ್ಲ. ಕೆಳಮಟ್ಟದಲ್ಲಿ ಹಾರುತ್ತಾ ತಪ್ಪು ಕಣಿವೆಗೆ ನುಗ್ಗಿದ್ದು. ಸುತ್ತ ಕಡಿದಾಗಿ ಏರುವ ನೆಲ. ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿಯ ವರದಿ ಹೇಳುವುದೂ ಅದನ್ನೇ. ಲೆಕ್ಕ ಹಾಕಿ ನೋಡಿ: 80 ನಾಟ್ ವೇಗದಲ್ಲಿ 30 ಡಿಗ್ರಿ ವಾಲಿದರೆ ತಿರುವಿನ ತ್ರಿಜ್ಯ ಸುಮಾರು 300 ಮೀಟರ್. ಅಂದರೆ ಹಿಂತಿರುಗಲು 600 ಮೀಟರ್ ಅಗಲ ಬೇಕು. 45 ಡಿಗ್ರಿಗೆ ತ್ರಿಜ್ಯ 173, 60ಕ್ಕೆ 100 ಮೀಟರ್. ಆದರೆ ಮಟ್ಟ ಬಿಡದೆ 60ರಲ್ಲಿ ತಿರುಗಿದರೆ ಸ್ಟಾಲ್ ವೇಗ ಶೇ. 41 ಮೇಲೇರುತ್ತದೆ, ಮತ್ತು 100 ಕುದುರೆಬಲದ ರೋಟ್ಯಾಕ್ಸ್ ಎಂಜಿನ್‌ಗೆ ಆ ಎಳೆತ ತೂಗಿಸುವ ಶಕ್ತಿ ಇಲ್ಲ. ವೇಗ ಕರಗುತ್ತದೆ ಇಲ್ಲವೇ ಎತ್ತರ ಕರಗುತ್ತದೆ. ಕಣಿವೆ ಹೊಗಲೇಬೇಕಾದರೆ ಮಧ್ಯದಲ್ಲಲ್ಲ, ಒಂದು ಬದಿಗೆ ಒತ್ತಿ ಹೋಗಬೇಕು, ಆಗ ಇಡೀ ಅಗಲ ತಿರುವಿಗೆ ಸಿಗುತ್ತದೆ.

ನವೆಂಬರ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಬೇಸ್‌ಬಾಲ್ ಆಟಗಾರ ರಾಯ್ ಹ್ಯಾಲಡೇ ತೀರಿಕೊಂಡದ್ದೂ ನೀರಿಗೆ ತೀರಾ ಹತ್ತಿರ ಕಡಿದಾದ ಏರಿಳಿತ ಮಾಡುವಾಗ. ಎರಡೂ ಕಡೆ ವಿಮಾನ ಪೈಲಟ್‌ನ ಮಾತು ಕೇಳಿತ್ತು.

ನೀಲಿದೀಪ:
ಕೆಳಹಾರಾಟದ ಮಾತು ಸರಿ. ಆದರೆ ಒಂದು ಅಡಿಯೂ ಕೆಳಗೆ ಹಾರದ ಶಿಸ್ತಿನ ಪೈಲಟ್‌ನನ್ನೂ ಬಿಡದ ತಪ್ಪು ಚಕ್ರದ್ದು. ಚಕ್ರ ಮಡಚದ 172ರಿಂದ ಬರುವವರು ಮೊದಲು ಹೆದರಬೇಕಾದ್ದು ಅದಕ್ಕೆ.

ಚಕ್ರ ಮಡಚಿ ರನ್‌ವೇಗೆ ಇಳಿದರೆ ಹಲ್‌ನ (ದೋಣಿಯಂಥ ಒಡಲಿನ) ತಳ ಉಜ್ಜುತ್ತದೆ, ರಿಪೇರಿ ಖರ್ಚು ಬರುತ್ತದೆ. ಚಕ್ರ ಇಳಿಸಿಕೊಂಡು ನೀರಿಗೆ ಇಳಿದರೆ ಚಕ್ರ ನೀರನ್ನು ಕಚ್ಚುತ್ತದೆ, ಮೂಗು ಕೆಳಗೆ ಹೋಗಿ ವಿಮಾನ ಬೋರಲಾಗುತ್ತದೆ. ನೀವು ನೀರಿನೊಳಗೆ, ತಲೆಕೆಳಗಾಗಿ, ಬೆಲ್ಟ್‌ನಲ್ಲಿ ನೇತಾಡುತ್ತಿರುತ್ತೀರಿ. ಇದು ಹೆಚ್ಚಾಗಿ ಆಗುವ ರೀತಿ: ಏರ್‌ಪೋರ್ಟಿನಿಂದ ಹೊರಟು ಹತ್ತು ನಿಮಿಷದ ಸರೋವರಕ್ಕೆ ಹೋಗುವುದು, ಟೇಕಾಫ್ ಗಡಿಬಿಡಿಯಲ್ಲಿ ಚಕ್ರ ಎತ್ತಲು ಮರೆಯುವುದು.

"ಗೇರ್ ಚೆಕ್" ಅಂತ ಒಂದೇ ಮಾತು ಹೇಳಿ ಮುಗಿಸಬೇಡಿ. ಎಲ್ಲಿ ಇಳಿಯುತ್ತೇನೆ ಅನ್ನುವುದು ಮೊದಲು ಬರಲಿ: "ಇದು ನೀರು. ಎಡ ಚಕ್ರ ಮೇಲೆ, ಮೂಗಿನದು ಮೇಲೆ, ಬಲ ಮೇಲೆ." ಬಾಯಿ ಬಿಟ್ಟು ಹೇಳಿ, ಕಣ್ಣಲ್ಲಿ ನೋಡಿ. ಇಳಿಯಲು ಬರುವ ದಾರಿಯ ಮೂರು ಹಂತದಲ್ಲೂ: ಡೌನ್‌ವಿಂಡ್‌ನಲ್ಲಿ ಒಮ್ಮೆ, ಬೇಸ್‌ನಲ್ಲಿ ಒಮ್ಮೆ, ಫೈನಲ್‌ನಲ್ಲಿ ಮತ್ತೊಮ್ಮೆ. 172ರ "ಅಂಡರ್‌ಕ್ಯಾರೇಜ್ ಡೌನ್" ಅನ್ನುವ ಬಾಯಿಪಾಠವನ್ನು ಪೂರ್ತಿ ಬಿಡಿ, ನೀರಿನಲ್ಲಿ ಪ್ರಾಣ ತೆಗೆಯುವುದು ಅದೇ.

ಪುಶರ್‌ಪ್ರಿಯ:
ಮಾತಾಡುವ ಗೇರ್ ಅಲಾರ್ಮ್ ಹಾಕಿಸಿದರೆ ಅರ್ಧ ತಲೆನೋವು ಹೋಗುವುದಿಲ್ಲವೇ?

ನೀಲಿದೀಪ:
ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಕೆಳಗಿರುವುದು ನೀರೋ ನೆಲವೋ ಅಲಾರ್ಮ್‌ಗೆ ಗೊತ್ತಿಲ್ಲ. ಚಕ್ರ ಎಲ್ಲಿದೆ ಅಂತ ಅದು ಹೇಳುತ್ತದೆ. ಆ ಜಾಗಕ್ಕೆ ಅದು ಸರಿಯೇ ಅನ್ನುವುದನ್ನು ನೀವೇ ಹೇಳಿಕೊಳ್ಳಬೇಕು. ಪ್ರತಿ ಸಲ ಕೂಗುವ ದನಿಗೆ ಕಿವಿ ಬೇಗ ಒಗ್ಗಿಹೋಗುತ್ತದೆ ಕೂಡ.

ಕಣಿವೆಗಾಳಿ:
ಹ್ಯಾಂಡ್ಲಿಂಗ್ ಬಗ್ಗೆ ಎರಡು ಮಾತು ಉಳಿಯಿತು.

ಕನ್ನಡಿಯಂಥ ನೀರು. ಗಾಳಿಯಿಲ್ಲದ ಬೆಳಗ್ಗೆ ನೀರು ಎಷ್ಟು ಕೆಳಗಿದೆ ಅಂತ ಕಣ್ಣು ಹೇಳಲಾರದು. ದಡದ ಪಕ್ಕ, ಮರದ ಸಾಲು ಕಾಣುವ ಹಾಗೆ ಬನ್ನಿ. ಸುಮಾರು 200 ಅಡಿಯಲ್ಲೇ ಇಳಿಯುವ ಭಂಗಿ ಕೂರಿಸಿ, ಪವರ್‌ನಿಂದ ಇಳಿತವನ್ನು ನಿಮಿಷಕ್ಕೆ 150 ಅಡಿಗೆ ತನ್ನಿ, ಆಮೇಲೆ ಹಲ್ ತಾಗುವ ತನಕ ಏನೂ ಬದಲಿಸಬೇಡಿ. ಫ್ಲೇರ್ ಮಾಡಲು (ಕೊನೆಗೆ ಮೂಗೆತ್ತಲು) ಹೋದರೆ 20 ಅಡಿ ಮೇಲೆಯೇ ಸ್ಟಾಲ್ ಆಗುತ್ತೀರಿ. ಹೀಗೆ ಇಳಿಯಲು ಉದ್ದ ಜಾಸ್ತಿ ಬೇಕು, ಚಿಕ್ಕ ಸರೋವರವಾದರೆ ಹೋಗಲೇಬೇಡಿ.

ಪಾರ್ಪಾಯಿಸಿಂಗ್. ಸ್ಟೆಪ್ (ಹಲ್‌ನ ತಳದ ಮೆಟ್ಟಿಲು) ಮೇಲೆ ನೀರು ಸವರುತ್ತಾ ಓಡುವಾಗ ಮೂಗು ಮೇಲೆ ಕೆಳಗೆ ಕುಣಿಯತೊಡಗುತ್ತದೆ, ಪ್ರತಿ ಕುಣಿತವೂ ಹಿಂದಿನದಕ್ಕಿಂತ ದೊಡ್ಡದು. ಸ್ಟಿಕ್‌ನಿಂದ ಅದರ ಬೆನ್ನಟ್ಟಿದರೆ ನಿಮ್ಮ ಕೈ ಅರ್ಧ ತಾಳ ಹಿಂದೆ ಬಿದ್ದು ಕುಣಿತವನ್ನೇ ಬೆಳೆಸುತ್ತದೆ. ಮೊದಲನೆಯದಕ್ಕೇ ಸ್ವಲ್ಪ ಹಿಂದಕ್ಕೆ ಒತ್ತಡ ಕೊಟ್ಟು ಹಿಡಿಯಿರಿ. ಎರಡನೆಯದಕ್ಕೂ ನಿಲ್ಲಲಿಲ್ಲವೇ, ಪವರ್ ಪೂರ್ತಿ ತೆಗೆದು ಸ್ಟಿಕ್ ಹಿಂದಕ್ಕೆಳೆದು ಕೂರಿಸಿ. ಮೂರನೆಯದಕ್ಕೆ ಕಾಯಬೇಡಿ.

ಲೇಕ್ ಬುಕನೀರ್ ಅನ್ನುವ ಇನ್ನೊಂದು ಆಂಫಿಬಿಯನ್ ಹಾರಿಸಿದವರು ಪವರ್ ಕೊಟ್ಟರೆ ಮೂಗು ಕೆಳಗೆ, ತೆಗೆದರೆ ಮೇಲೆ ಅಂತ ಹೆದರಿಸುತ್ತಾರೆ. ಅದರ ಎಂಜಿನ್ ಪೈಲಾನ್ (ಕಂಬ) ಮೇಲೆ ಎತ್ತರದಲ್ಲಿದೆ. ಎ5ರದ್ದು ಅಷ್ಟು ಎತ್ತರದಲ್ಲಿಲ್ಲ, ಈ ಭಯ ದೊಡ್ಡದಲ್ಲ.

ಬೆಳ್ಳಕ್ಕಿ172:
ತುಂಬಾ ಉಪಯೋಗವಾಯಿತು. ಇಬ್ಬರು, ತಲಾ 80 ಕಿಲೋ. ಟ್ಯಾಂಕ್ ತುಂಬಿಸಬಹುದೇ?

ನೀಲಿದೀಪ:
ಬಹುಶಃ ಆಗುವುದಿಲ್ಲ. ಆ ವಿಮಾನದ ತೂಕದ ದಾಖಲೆ ತೆಗೆದು ನೋಡಿ. ಖಾಲಿ ತೂಕ 1,080 ಪೌಂಡ್ ಅಂತಿದ್ದರೆ 1,510ರಲ್ಲಿ ಉಳಿಯುವುದು 430. ನೀವಿಬ್ಬರೇ 353. ಬಾಕಿ 77 ಪೌಂಡ್‌ಗೆ ಗ್ಯಾಲನ್‌ಗೆ 6ರಂತೆ 12 ಗ್ಯಾಲನ್ ಚಿಲ್ಲರೆ, ಅದೂ ಬ್ಯಾಗಿಲ್ಲದೆ. ಟ್ಯಾಂಕ್ ಹಿಡಿಯುವುದು 20. ಜೊತೆಗೆ ಹಲ್ ನೀರು ಕುಡಿದಿರುತ್ತದೆ, ಗ್ಯಾಲನ್‌ಗೆ 8.3 ಪೌಂಡ್. ಮೂರು ಗ್ಯಾಲನ್ ಒಳಗಿದ್ದರೆ 25 ಪೌಂಡ್ ಲೆಕ್ಕಕ್ಕೆ ಸಿಗದ ಭಾರ, ಅದು ಹಿಂದೆ ಸರಿದರೆ ಸಿಜಿ (ತೂಕದ ಕೇಂದ್ರ) ಕೂಡ ಹಿಂದಕ್ಕೆ. ದಡಕ್ಕೆ ಬಂದಾಗಲೆಲ್ಲ ಡ್ರೈನ್ ಪ್ಲಗ್ ಬಿಚ್ಚಿ ಸುರಿಸಿ. ಬಿಚ್ಚಿದ ಪ್ಲಗ್‌ಗಳನ್ನು ಸೀಟಿನ ಮೇಲೆ ಇಡಿ, ಆಗ ಹಾಕದೆ ಕೂರಲಾಗುವುದಿಲ್ಲ.

ಮಗುಚಿದರೆ ಹೊರಬರುವ ಕ್ರಮವನ್ನು ಹೊರಡುವ ಮುನ್ನ ಪಕ್ಕದವರಿಗೂ ಮಾಡಿಸಿ: ಚಲನೆ ನಿಲ್ಲಲಿ, ಒಂದು ಕೈ ಕ್ಯಾನೊಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಅಂಚಿನ ಮೇಲೆ, ಇನ್ನೊಂದರಲ್ಲಿ ಅದನ್ನು ತೆರೆಯುವುದು, ಬೆಲ್ಟ್ ಕೊನೆಗೆ. ಬೆಲ್ಟ್ ಮೊದಲು ಬಿಚ್ಚಿದರೆ ತೇಲಿ ದಿಕ್ಕು ತಪ್ಪುತ್ತದೆ. ಲೈಫ್ ಜಾಕೆಟ್ ಉಬ್ಬಿಸುವುದು ಹೊರಗೆ ಬಂದ ಮೇಲೆ ಮಾತ್ರ. ಒಳಗೆ ಉಬ್ಬಿಸಿದರೆ ಅದು ನಿಮ್ಮನ್ನು, ಮಗುಚಿದ್ದರಿಂದ ಈಗ ಮೇಲಿರುವ ಕ್ಯಾಬಿನ್ ತಳಕ್ಕೆ ಒತ್ತಿ ಹಿಡಿಯುತ್ತದೆ.